ತುಂಬದ ಗಡಿಗೆ

ನೇತ್ರಾ: ಗಡಗಿ ಬೋರಲ ಹಾಕಿ ಹುಗಿಯೋದು, ತಳಕ್ಕ ತೂತ ಹೊಡಿಯೋದು, ಮ್ಯಾಲ ನೀರ ಬಿಡೋದು. ಇಷ್ಟಕ್ಕ ಮೂರು ಶನಿವಾರ ಬೇಕಾದೂವೇನ್ರಿ?

ಪ್ರಭುದೇವ: ಅದು ಬರೇ ಗಡಗಿ ಅಲ್ಲ ನೇತ್ರಾ, ಜಪಾನಿನವ್ರ ಜಲವಾದ್ಯ. ಒಳಗ ಹನಿ ಬಿದ್ದು ಟಿಣ್ ಅಂದ್ರ ಮನಸ್ಸು ತಾನ ಧ್ಯಾನಕ್ಕ ಕುಂದರತೈತಿ.

ನೇತ್ರಾ: ಟಿಣ್ ಅಂದ್ರ ನಂಗ ನಳಾ ಬಂದ್ ಮಾಡ್ಬೇಕ ಅನಸ್ತೈತಿ.

ಪರದೇಶದ ಸ್ನೊಕ್ವಾಲ್ಮಿ ಎಂಬ ಊರಿನ ಆ ಹಿತ್ತಲಲ್ಲಿ ಬಿಸಿಲು ಬೀಳುವ ಮೂಲೆ ಇದ್ದದ್ದೇ ಒಂದು. ಅಲ್ಲಿ ಮೆಂತ್ಯ ಬಿತ್ತಬೇಕೆಂದು ಹೆಂಡತಿ ಕಾದಿದ್ದಳು. ಗಂಡ ಗಡಿಗೆ ಹುಗಿದಿದ್ದ. ಕೊನೆಗೊಂದು ಕರಾರಾಯಿತು. ಇವತ್ತು ಮನೆಯವರಲ್ಲಿ ಒಬ್ಬರಾದರೂ ಹತ್ತು ನಿಮಿಷ ಅಲುಗದೆ ಕೂತು ಆ ನಾದ ಕೇಳಿದರೆ ಗಡಿಗೆ ಉಳಿಯುತ್ತದೆ, ಇಲ್ಲದಿದ್ದರೆ ಮೆಂತ್ಯ. ಪಾಪ, ಮೊದಲು ಕೂತವನು ಪ್ರಭುದೇವನೇ.

ನೇತ್ರಾ: ಮೂರು ನಿಮಿಷಕ್ಕ ಫೋನ್ ತಗದ್ರಿ.

ಪ್ರಭುದೇವ: ಎಷ್ಟು ನಿಮಿಷ ಆತು ಅಂತ ನೋಡಾಕ ತಗದೆ!

ನೇತ್ರಾ: ಸಲಿಕಿ ತರ್ಲೇನು?

ಪ್ರಭುದೇವ: ತಡಿ. ಅವ್ವ ಇನ್ನೂ ಕುಂತಿಲ್ಲ.

ಹುಬ್ಬಳ್ಳಿಯಿಂದ ಬಂದಿದ್ದ ತಾಯಿ ಶಾಂತವ್ವ ಅಡುಗೆಮನೆಯಲ್ಲಿ ರೊಟ್ಟಿಯ ಹಿಟ್ಟು ನಾದುತ್ತಿದ್ದಳು. ಮಗ ಕರೆದನೆಂದು ಕೈ ತೊಳೆದು ಬಂದಳು. ಹನಿಯ ಸದ್ದು ಕಿವಿಗೆ ಬಿದ್ದದ್ದೇ ತಡ, ಪಕ್ಕದ ಕಲ್ಲಿನ ಮೇಲೆ ಕೂತು ಕಣ್ಣು ಮುಚ್ಚಿದಳು. ಹತ್ತು ನಿಮಿಷವಾಯಿತು, ಅರ್ಧ ತಾಸಾಯಿತು. ಮೂಗಿನ ಮೇಲೆ ನೊಣ ಕೂತರೂ ಮುದುಕಿ ಮಿಸುಕಲಿಲ್ಲ. ಪ್ರಭುದೇವನಿಗೆ ನಿಜವಾಗಿಯೂ ಕಣ್ಣು ತುಂಬಿ ಬಂತು.

ಪ್ರಭುದೇವ: ಧ್ಯಾನ ಅಂದ್ರ ಇದು! ನಮ್ಮ ಆಫೀಸಿನ ಕ್ಲಾಸಿನ್ಯಾಗ ಒಬ್ಬಾಂವಗೂ ಬರೂದಿಲ್ಲ.

ನೇತ್ರಾ: ಸೋತೆ ಮಾರಾಯ್ರ. ಈಗ ಅತ್ತಿನ್ನ ಎಬ್ಬಸ್ರಿ, ಹೊಟ್ಟಿ ಹಸದೈತಿ.

ಪ್ರಭುದೇವ: ಅವ್ವಾ...

ಶಾಂತವ್ವ: ಶ್! ಸಪ್ಪಳ ಕೇಳಾಕತ್ತೀನಿ. ಎಂಟು ದಿನಕ್ಕೊಮ್ಮೆ ನಳಾ ಬರೂ ಓಣ್ಯಾಗ ನಲವತ್ತು ವರ್ಷ ಬಾಳೇ ಮಾಡೀನಿ. ಕೊಡ ತುಂಬಾಕ ಬಂದ್ರ ಸಪ್ಪಳ ಸಣ್ಣ ಆಕ್ಕೈತಿ, ಕಣ್ಣ ಮುಚ್ಚಿನ ಹೇಳ್ತೀನಿ. ಇದರದು ಇನ್ನೂ ಬದಲಾಗವಲ್ದು.

ಪ್ರಭುದೇವ: ಬದಲಾಗೂದಿಲ್ಲವ್ವಾ! ಒಳಗ ನಾಕ ಬಟ್ಟ ನೀರ ನಿಂತು, ಉಳದದ್ದು ಹರದ ಹೋಗೂವಂಗ ಮಾಡೀನಿ. ಅದು ತುಂಬೂದ ಇಲ್ಲ.

ಹೇಳುತ್ತಲೇ ಅವನ ಕೈ ನಲ್ಲಿಯ ಕಡೆಗೆ ಹೋಯಿತು. ಶಾಂತವ್ವ ಒಂದೇ ಕಣ್ಣು ತೆರೆದಳು.

ಶಾಂತವ್ವ: ನಳಾಕ್ಕ ಕೈ ಹಚ್ಚಿ ನೋಡು! ನೀರ ಬರೂ ಹೊತ್ತಿನ್ಯಾಗ ಗಡಗಿ ಬಿಟ್ಟು ಎದ್ದಾಕಿ ಅಲ್ಲ ನಾ. ತುಂಬೂತನಾ ಏಳಾಂಗಿಲ್ಲ. ಹಿಟ್ಟ ನಾದಿಟ್ಟೀನಿ, ಹೋಗು, ರೊಟ್ಟಿ ನೀ ಬಡಿ.