ಚಂದ್ರನ ಬದಲಿ ಬದನಿಕಾಯಿ

ನಮ್ಮ ಕಡೆ ಹೆಣ್ಮಕ್ಕಳು ಗಂಡನ ಹೆಸರು ಸುಮ್ನ ಬಾಯಾಗ ತರಂಗಿಲ್ಲ. ಮದುವಿ, ಬಸುರಿ ಹೆಣ್ಮಗಳ ಕುಬಸದಾಗ ಎರಡು ಸಾಲು ಕಟ್ಟಿ, ಅದರಾಗ ಹೆಸರು ಸೇರಿಸಿ ಒಡಪು ಹೇಳಬೇಕು. ಐವತ್ತು ವರ್ಷದಿಂದ ನಂದು ಒಂದ ಒಡಪು:

‘ಬಿಸಿ ರೊಟ್ಟಿಗೆ ಬೇಕು ಬದನಿಕಾಯಿ ಪಲ್ಲೆ,
ಮಲ್ಲಪ್ಪನವರು ಉಣತಾರ ಕುಂತಲ್ಲೆ!’

ಒಮ್ಮೆಯೂ ತಪ್ಪಿಲ್ಲ. ಆದರ ಇಳಕಲ್ಲಿಗೆ ಕೊಟ್ಟ ಮೊಮ್ಮಗಳು ಸವಿತಾ, ತನ್ನ ಕುಬಸ ಎಂಟು ದಿನ ಐತಿ ಅನ್ನೂದ್ರಾಗ ಫೋನ್ ಮಾಡಿದಳು.

“ಅಜ್ಜಿ, ನಮ್ಮತ್ತಿ ಭಾರಿ ಒಡಪು ಹೇಳ್ತಾರ. ನೀ ಆ ರೊಟ್ಟಿ ಒಡಪು ಹೇಳಿ ನನ್ನ ಮಾನ ಕಳೀಬ್ಯಾಡ. ಅದರಾಗ ಪ್ರೀತಿನ ಇಲ್ಲ!”

“ರೊಟ್ಟಿ ಬಿಸಿ ಐತಲ್ಲ, ಮತ್ತೇನ ಬೇಕು?”

ಕೇಳಲಿಲ್ಲ. ಸಿನಿಮಾ ಹಾಡಿನ ಧಾಟಿಯಾಗ ಒಂದು ಕಟ್ಟಿ ಬಾಯಿಪಾಠ ಮಾಡಿಸಿದಳು: ‘ನೀ ನನ್ನ ಚಂದ್ರ, ನೀ ನನ್ನ ಉಸಿರು, ನೀ ಇಲ್ಲದ ಹಸಿವಿಲ್ಲ, ನಿದ್ದಿ ಇಲ್ಲ...’ ಕೊನೀಗೆ ಹೆಸರು.

ನನಗ ತಲಿ ಕೆಟ್ಟಿತು. ಒಬ್ಬನ ಮನಶ್ಯಾ ಚಂದ್ರನೂ ಉಸಿರೂ ಹೆಂಗ ಆಗ್ತಾನ? ಇವರು ಊರಿಗೆ ಹೋದಾಗ ನನಗ ನಿದ್ದಿ ಹೆಚ್ಚಿಗಿ ಬರತೈತಿ. ಗೊರಕಿ ಇರಂಗಿಲ್ಲ!

ಆದರೂ ರೊಟ್ಟಿ ಬಡೀತ ಬಡೀತ ಪಾಠ ಮಾಡಿದೆ. “ಹಸಿವಿಲ್ಲ, ನಿದ್ದಿ ಇಲ್ಲ...” ಹಿಂದ ನೋಡಿದರ ಇವರು ಚಪ್ಪಲಿ ಮೆಟ್ಟಿ ನಿಂತಿದ್ದರು.

“ಏಳು, ದವಾಖಾನಿಗೆ ಹೋಗೂಣು!”

“ಅಯ್ಯ, ನಿಮಗ ಅಂದದ್ದರೀ!”

“ನಾ ಏನ ಮಾಡೇನಿ?” ಅಂದು ಗಾಬರಿ ಆದರು. ತಿಳಿಸಿ ಹೇಳಿದ ಮ್ಯಾಲೆ ಮಾತ್ರ ಮೀಸಿ ತಿರುವಿದರು.

ಕುಬಸದ ದಿನ ಇಳಕಲ್ಲಿನಾಗ ಇವರು ಇಸ್ತ್ರಿ ಧೋತರ ಉಟ್ಟು ಮುಂದಿನ ಕುರ್ಚಿಯಾಗ ಕುಂತರು. ನಾ ಎದ್ದೆ. ಚಂದ್ರ ಬಂದ, ಉಸಿರು ಬಂತು, ನಿದ್ದಿ ಹೋಯಿತು. ಇನ್ನು ಹೆಸರು. ಹೆಸರು ಬರವಲ್ಲದು! ಐವತ್ತು ವರ್ಷ ಅದು ಪಲ್ಲೆಯ ಬೆನ್ನ ಹಿಂದ ಬಂದದ್ದು, ಅದೊಂದ ಹೆಂಗ ಬಂದೀತು?

“ಯಾರಿಗ್ರಿ ಬೀಗತಿ, ಇಷ್ಟೆಲ್ಲ?” ಅಂದಳು ಸವಿತಾನ ಅತ್ತಿ.

“ಬದನಿಕಾಯಿ!” ಅಂದೆ.

ಮಂದಿ ಬಿದ್ದು ಬಿದ್ದು ನಕ್ಕಿತು. ಸವಿತಾ ಸೆರಗಿನಾಗ ಮುಖ ಮುಚ್ಚಿದಳು. ಇವರು ಎದ್ದು ಹೊರಗ ಹೋದರು.

ತಿರುಗಿ ಬರುವಾಗ ಬಸ್ಸಿನಾಗ ಇವರು ಬ್ಯಾರೆ ಸೀಟಿನಾಗ ಕುಂತರು. ಹುನಗುಂದದಾಗ ಚಾ ಕುಡಿಯಾಕ ಇಳಿದರು. ಬಸ್ ಹೊಂಟೇಬಿಟ್ಟಿತು!

“ಏನ್ರೀ!” ಅಂತ ಕಿಟಕಿಯಾಗ ಕೂಗಿದೆ. ನಿಲ್ದಾಣದಾಗಿನ ಗಂಡಸರೆಲ್ಲ ತಿರುಗಿದರು, ಇವರೊಬ್ಬರನ್ನ ಬಿಟ್ಟು.

“ಏ ಮಲ್ಲಪ್ಪಾ! ಓಡಿ ಬಾರೋ!”

ಒಡಪಿಲ್ಲ, ಮರ್ಯಾದಿ ಇಲ್ಲ! ಬಸ್ ನಿಂತಿತು. ಇವರು ಏದುಸಿರು ಬಿಡ್ತ ಹತ್ತಿ ನನ್ನ ಬಾಜೂಕ ಕುಂತರು. ಬೆವರು ಒರಸಿಕೊಂಡು ಅಂದರು:

“ಮನಿಗೆ ಹೋಗಿ ಬದನಿಕಾಯಿ ಪಲ್ಲೆ ಮಾಡು.”

ಅದು ಪ್ರೀತಿನೋ ಚ್ಯಾಷ್ಟಿನೋ, ಇವತ್ತಿಗೂ ತಿಳಿದಿಲ್ಲ. ಅವತ್ತು ಅದನ್ನ ವಿಚಾರ ಮಾಡ್ಕೋತ ಪಲ್ಲೆಕ್ಕ ಉಪ್ಪು ಹಾಕೂದ ಮರತೆ!