ಮಾಸ್ತರರ ಮುಷ್ಕರ, ಮಗಳ ಡ್ಯೂಟಿ

ಯಾರದೇ ಮುಷ್ಕರವಾಗಲಿ, ಅದನ್ನು ಬೆಂಬಲಿಸುವುದು ನನಗೆ ಬಲು ಸುಲಭದ ಕೆಲಸ. ಒಂದೇ ಷರತ್ತು, ಅದು ನಮ್ಮ ಮನೆಯ ಹೊಸ್ತಿಲು ದಾಟಿ ಒಳಗೆ ಬರಬಾರದು. ಗಿರಣಿಯವರು ಕೆಲಸ ನಿಲ್ಲಿಸಲಿ, ರೈಲಿನವರು ನಿಲ್ಲಿಸಲಿ, ನಾನು ಕ್ಷೌರದಂಗಡಿಯ ಕುರ್ಚಿಯಲ್ಲಿ ಕೊರಳಿಗೆ ಬಿಳಿ ಬಟ್ಟೆ ಸುತ್ತಿಸಿಕೊಂಡು, ಅರ್ಧ ಗಡ್ಡ ಬೋಳಿಸಿದ ಮುಖದಲ್ಲೇ ಅವರ ಪರವಾಗಿ ವಾದ ಮಾಡಿದವನು. ಎಪ್ಪತ್ತರ ದಶಕದಲ್ಲಿ, ಈಗಿನ ವಿಜಯಪುರವನ್ನು ನಾವೆಲ್ಲ ವಿಜಾಪುರ ಎನ್ನುತ್ತಿದ್ದ ಕಾಲದಲ್ಲಿ, ಪ್ರಾಥಮಿಕ ಶಾಲೆಯ ಮಾಸ್ತರರು ಮುಷ್ಕರ ಹೂಡುತ್ತಾರೆಂಬ ಸುದ್ದಿ ಬಂದಾಗಲೂ ನಾನು ಹಿಂದೆ ಬೀಳಲಿಲ್ಲ. ನಮ್ಮ ಮಗಳು ಗಿರಿಜಾ ಆಗ ಎರಡನೆಯ ಇಯತ್ತೆಯಲ್ಲಿದ್ದಳು. ಅವಳ ಮಾಸ್ತರರು ಚನ್ನಪ್ಪನವರೆಂದು. ಬಬಲೇಶ್ವರದಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದ, ಬಡಕಲು ಮೈಯ, ಮೆದು ಮಾತಿನ ಮನುಷ್ಯ. ಮುಷ್ಕರದ ಹಿಂದಿನ ಸಂಜೆ ಶಾಲೆಯ ಮುಂದೆ ಅವರ ಕೈ ಹಿಡಿದು ಕುಲುಕಿ, "ಒಟ್ಟ ಹಿಂದ ಸರೀಬ್ಯಾಡ್ರಿ ಮಾಸ್ತರ, ಇಡೀ ಊರು ನಿಮ್ಮ ಬೆನ್ನಿಗೈತಿ" ಎಂದೆ. ಅವರ ಕಣ್ಣು ತುಂಬಿ ಬಂದವು. ನನ್ನ ಎದೆ ಉಬ್ಬಿತು. ಊರಿನ ಪರವಾಗಿ ಮಾತಾಡೆಂದು ನನಗೆ ಯಾರೂ ಹೇಳಿರಲಿಲ್ಲ ಎಂಬುದು ಬೇರೆ ಮಾತು.

ಮರುದಿನ ಬೆಳಿಗ್ಗೆ ಶಾಲೆಗೆ ಕೀಲಿ ಬಿತ್ತು. ಗಿರಿಜಾ ಪಾಟಿಚೀಲವನ್ನು ಗೂಟಕ್ಕೆ ಹಾಕಿ ಅಡಿಗೆಮನೆಯ ನಡುವೆ ಕುಣಿಯತೊಡಗಿದಳು. ಆಗ ನನಗೂ ನನ್ನ ಹೆಂಡತಿ ಸುಶೀಲಾಳಿಗೂ ಒಮ್ಮೆಲೇ ಹೊಳೆಯಿತು: ಇಷ್ಟು ದಿನ ಹಗಲೆಲ್ಲ ಈ ಕೂಸನ್ನು ನೋಡಿಕೊಳ್ಳುತ್ತಿದ್ದವರು ಚನ್ನಪ್ಪ ಮಾಸ್ತರರು! ಅಕ್ಷರ, ಮಗ್ಗಿ ಎಲ್ಲ ಹಾಗಿರಲಿ. ಬಿದ್ದು ಮಂಡಿ ಒಡೆದುಕೊಳ್ಳದಂತೆ, ಬಾವಿಯಲ್ಲಿ ಇಣುಕದಂತೆ, ಪರರ ಮನೆಯ ಪೇರಲ ಹಣ್ಣು ಕೀಳದಂತೆ ಅವಳನ್ನು ಹಿಡಿದಿಡುವುದೇ ಒಂದು ನೌಕರಿ ಎಂದು ನಾವು ಎಂದೂ ಎಣಿಸಿರಲಿಲ್ಲ. ಸುಶೀಲಾ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರು. ನಾನು ತಿಕೋಟಾದ ಪಶು ಆಸ್ಪತ್ರೆಯ ಡಾಕ್ಟರು. ಜನ ಕರೆಯುವುದು ದನದ ಡಾಕ್ಟರ್ ಎಂದು, ಹೊಸದಾಗಿ ಕೇಳಿದವರಿಗೆ ದನವೇ ಡಾಕ್ಟರಿಕೆ ಕಲಿತಿದೆಯೋ ಎನ್ನಿಸುವ ಹಾಗೆ. ನಮ್ಮ ಅವ್ವ ತಂಗಿಯ ಬಾಣಂತನಕ್ಕೆಂದು ಹೋದವಳು ಸದ್ಯಕ್ಕೆ ಬರುವಂತಿರಲಿಲ್ಲ. ಪಕ್ಕದ ಮನೆಯ ಗಂಗಾಬಾಯಿಯವರನ್ನು ಕೇಳೋಣವೆಂದು ಹೋದರೆ ಅವರು ಬಾಗಿಲಲ್ಲೇ ಕೈಮುಗಿದರು. ಅವರ ಹಿಂದೆ ಅವರದೇ ನಾಲ್ಕು ಮಕ್ಕಳು ಮುಷ್ಕರದ ಪ್ರಯೋಜನ ಪಡೆಯುತ್ತಿದ್ದವು. ಒಂದಂತೂ ಹಿಟ್ಟಿನ ಡಬ್ಬಿಯೊಳಗೆ ಕೂತಿತ್ತು.

ಮನೆಗೆ ಬಂದು, "ಇವತ್ತೊಂದು ದಿವಸ ನಿನ್ನ ಕೂಡ ಕರ್ಕೊಂಡು ಹೋಗು" ಎಂದೆ. ಸುಶೀಲಾ ಜಡೆ ಹೆಣೆದುಕೊಳ್ಳುತ್ತಲೇ ಉತ್ತರ ಕೊಟ್ಟಳು. "ಎಕ್ಸ್‌ಚೇಂಜಿಗೆ ಇಕಿನ್ನ ಕರ್ಕೊಂಡು ಹೋದ್ರ ಬೆಳಗಾವಿಗೆ ಹಚ್ಚಿದ ಫೋನು ಬಳ್ಳಾರಿಗೆ ಹೋಗತೈತಿ. ನಿಮ್ಮ ದವಾಖಾನಿಗೆ ಬರಾವ್ರು ಯಾರು? ಎಮ್ಮಿ, ಎತ್ತು. ಅವೇನು ಸಾಹೇಬರಿಗೆ ಅರ್ಜಿ ಬರೀತಾವ?" ಮದುವೆಯಾದಂದಿನಿಂದ ಅವಳೊಂದಿಗೆ ವಾದಕ್ಕಿಳಿದು ನಾನು ಗೆದ್ದದ್ದಿಲ್ಲ. ದಿನವಿಡೀ ಬಾಯಿಲ್ಲದ ಪ್ರಾಣಿಗಳೊಂದಿಗೆ ಕಳೆಯುವವನು ಸಂಜೆ ಟೆಲಿಫೋನಿನವಳ ಎದುರು ಗೆಲ್ಲುವುದಾದರೂ ಹೇಗೆ? ಬುತ್ತಿಯ ಗಂಟು ಒಂದು ಕೈಯಲ್ಲಿ, ಗಿರಿಜಾ ಒಂದು ಕೈಯಲ್ಲಿ, ತಿಕೋಟಾ ಬಸ್ಸು ಹತ್ತಿದೆ.

ಆಸ್ಪತ್ರೆಯಲ್ಲಿ ಅವಳನ್ನು ಸ್ಟೂಲಿನ ಮೇಲೆ ಕೂಡಿಸಿ, ಪಾಟಿ ಬಳಪ ಕೊಟ್ಟು, ಒಂದರಿಂದ ನೂರರ ತನಕ ಬರೆಯೆಂದು ಹೇಳಿ ನನ್ನ ಕೆಲಸಕ್ಕೆ ತೊಡಗಿದೆ. ಅವಳು ಇಪ್ಪತ್ತಕ್ಕೆ ಬರುವಷ್ಟರಲ್ಲಿ ಕನಮಡಿಯ ಒಬ್ಬ ರೈತ ನೊಗ ತಾಗಿ ಹೆಗಲು ಬಾತ ಎತ್ತನ್ನು ಹೊಡೆದುಕೊಂಡು ಬಂದ. ಎತ್ತು ಮುಟ್ಟಗೊಡಲಿಲ್ಲ. ನಾನು ಮುಂದೆ ಹೋದರೆ ಅದು ಕೊಂಬು ಬೀಸುತ್ತಿತ್ತು, ನಾನು ಶಾಸ್ತ್ರೋಕ್ತವಾಗಿ ಹಿಂದೆ ಸರಿಯುತ್ತಿದ್ದೆ. ಗಿರಿಜಾ ಯಾವಾಗ ಸ್ಟೂಲಿನಿಂದ ಇಳಿದಳೋ ಗೊತ್ತಿಲ್ಲ.

"ಕಾಕಾ, ಇದರ ಹೆಸರೇನು?"

"ಹೆಸರೇನೈತಿ ತಂಗೀ, ಎತ್ತಿಗೆ ಎತ್ತು ಅಂತೀವಿ."

"ಹಂಗಾರ ಇವ ರಾಮೂ" ಎಂದವಳೇ ಅದರ ಕೊರಳ ಕೆಳಗಿನ ಜೋಲು ತೊಗಲನ್ನು ತುರಿಸುತ್ತ, ಶಾಲೆ ಮುಚ್ಚಿದ ಸುದ್ದಿಯನ್ನೆಲ್ಲ ಅದಕ್ಕೆ ಹೇಳತೊಡಗಿದಳು. ಎತ್ತು ಕಣ್ಣು ಅರ್ಧ ಮುಚ್ಚಿ ನಿಂತುಬಿಟ್ಟಿತು. ಅಷ್ಟರಲ್ಲಿ ನಾನು ಹೆಗಲು ತೊಳೆದು ಮುಲಾಮು ಹಚ್ಚಿ ಮುಗಿಸಿದೆ. ರೈತ ಬೆರಗಾಗಿ, "ಕೂಸಿಗೆ ಅಂಜಿಕಿ ಅನ್ನೂದಽ ಇಲ್ಲ ನೋಡ್ರಿ" ಎಂದ. ಗಿರಿಜಾ ಹೆಮ್ಮೆಯಿಂದ, "ನನಗ ಇಲ್ರಿ. ನಮ್ಮಪ್ಪಗ ಐತಿ. ಮನ್ಯಾಗ ಹಲ್ಲಿ ಬಂದ್ರ ಪಲ್ಲಂಗದ ಮ್ಯಾಲೆ ಹತ್ತಿ ನಿಂದರತಾನ, ನಮ್ಮವ್ವ ಓಡಸ್ತಾಳ" ಎಂದಳು. ಆಸ್ಪತ್ರೆಯ ಜವಾನ ಸಿದ್ದಪ್ಪ ಮುಲಾಮಿನ ಡಬ್ಬಿಯೊಳಗೆ ಏನೋ ಹುಡುಕುವವನಂತೆ ಮುಖ ತಗ್ಗಿಸಿ ನಕ್ಕ. ಊರಲ್ಲಿ ಬಹಳ ಕಷ್ಟಪಟ್ಟು ಗಳಿಸಿದ್ದ ನನ್ನ ಗಾಂಭೀರ್ಯ ಆ ಕ್ಷಣದಲ್ಲಿ ಎತ್ತಿನ ಬೆನ್ನೇರಿ ಕನಮಡಿಗೆ ಹೊರಟುಹೋಯಿತು.

ಮುಷ್ಕರ ಒಂದು ದಿನಕ್ಕೆ ಮುಗಿಯಲಿಲ್ಲ. ಗಿರಿಜಾ ದಿನಾ ಬರತೊಡಗಿದಳು. ಬರುವ ಆಡು, ಎಮ್ಮೆ, ಹೋರಿಗೆಲ್ಲ ಹೆಸರಿಟ್ಟಳು. ಸರದಿ ತಪ್ಪಿಸಿ ನುಗ್ಗುವ ದೊಡ್ಡವರನ್ನು ಗದರಿಸಿ ಬೇವಿನ ಗಿಡದ ನೆರಳಿಗೆ ಕೂಡಿಸಿದಳು. ಜನ ಅವಳನ್ನು ಸಣ್ಣ ಡಾಕ್ಟರ್ ಎಂದು ಕರೆದರು. ನನಗೆ ಮಾತ್ರ ಜೀವ ಸಾಕಾಗಿತ್ತು. ಒಂದು ಕಣ್ಣು ಸೂಜಿಯ ಮೇಲೆ, ಒಂದು ಕಣ್ಣು ಅವಳ ಮೇಲೆ. ಸಂಜೆ ಬಸ್ಸಿನಲ್ಲಿ ಅವಳು ನನ್ನ ತೊಡೆಯ ಮೇಲೆ ನಿದ್ದೆಹೋದರೆ, ನಾನು ಚನ್ನಪ್ಪ ಮಾಸ್ತರರನ್ನು ನೆನೆದು ಹಲ್ಲು ಕಡಿಯುತ್ತಿದ್ದೆ. ಇಡೀ ಊರು ಬೆನ್ನಿಗಿದೆ ಎಂದ ನನ್ನ ಬಾಯಿಗೆ ಯಾರಾದರೂ ಎಮ್ಮೆಯ ಬಾಯಿಗೆ ಕಟ್ಟುವ ಕುಕ್ಕೆಯನ್ನು ಅವತ್ತೇ ಕಟ್ಟಬಾರದಿತ್ತೇ ಎನ್ನಿಸುತ್ತಿತ್ತು.

ವಾರಕ್ಕೊಮ್ಮೆ ನಾನು ಬಬಲೇಶ್ವರಕ್ಕೂ ಹೋಗಿ ಅಲ್ಲಿಯ ದನ ನೋಡಬೇಕಿತ್ತು. ಆ ವಾರ ಸಿದ್ದಪ್ಪನೊಂದಿಗೆ ಗಿರಿಜಾಳೂ ಬಂದಳು. ಊರ ಹೊರಗಿನ ಗಿಡದ ಕೆಳಗೆ ಮೇಜು ಹಾಕಿಕೊಂಡು ಕೂತಿದ್ದೆ. ದೂರದಿಂದ ಗಲಾಟೆ ಕೇಳಿತು. ಇಬ್ಬರು ಒಂದು ಎಮ್ಮೆಯನ್ನು ಹಿಂದಿನಿಂದ ದಬ್ಬುತ್ತ, ಒಬ್ಬರು ಮುಂದಿನಿಂದ ಜಗ್ಗುತ್ತ ಬರುತ್ತಿದ್ದರು. ಎಮ್ಮೆಯ ಎಡಮಗ್ಗುಲು ಡೊಳ್ಳಿನ ಹಾಗೆ ಉಬ್ಬಿತ್ತು. ನಾಲಗೆ ಹೊರಚಾಚಿ ಉಸಿರಿಗಾಗಿ ಒದ್ದಾಡುತ್ತಿತ್ತು. ಜಗ್ಗುತ್ತಿದ್ದವರು ಧೋತರದ ಕಚ್ಚೆ ಬಿಚ್ಚಿದ್ದೂ ಗೊತ್ತಾಗದ ಚನ್ನಪ್ಪ ಮಾಸ್ತರರು.

ಅಂಥ ಹೊತ್ತಿನಲ್ಲೂ ಅವರ ಕಣ್ಣು ಗಿರಿಜಾಳ ಮೇಲೆ ಬಿದ್ದೊಡನೆ ರೂಢಿಯ ದನಿ ತಾನಾಗಿ ಹೊರಬಿತ್ತು. "ಏ ಗಿರಿಜಾ, ಸಾಲಿಗ್ಯಾಕ ಹೋಗಿಲ್ಲ?"

"ನೀವಽ ಬಂದ್ ಮಾಡೀರಲ್ರೀ ಸರ" ಎಂದಳು ಅವಳು.

ನನ್ನೊಳಗೆ ಒಂದು ಸಣ್ಣ ದುಷ್ಟ ಸಂತೋಷ ತಲೆಯೆತ್ತಿತು. ಇವತ್ತು ನಮ್ಮದೂ ಮುಷ್ಕರ ಎಂದರೆ ಹೇಗಿರುತ್ತದೆ ಎಂಬ ಯೋಚನೆ ನಾಲಗೆಯ ತುದಿಯ ತನಕ ಬಂದೂ ಬಿಟ್ಟಿತ್ತು. ನಾನು ಮರ್ಯಾದೆಸ್ಥ, ನುಂಗಿಕೊಂಡೆ. ಮಗಳಿಗೆ ಆ ತೊಂದರೆ ಇರಲಿಲ್ಲ. "ಸರ, ನಾಳೆ ಸಾಲಿ ತಗೀತೇನಿ ಅಂತ ಹೇಳ್ರಿ, ನಮ್ಮಪ್ಪ ಎಮ್ಮಿ ಆರಾಮ ಮಾಡ್ತಾನ."

ಯಾರೂ ನಗಲಿಲ್ಲ. ಮಾಸ್ತರರು ಅವಳ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ದೊಡ್ಡವರಿಗೆ ಹೇಳುವ ಹಾಗೆ ಹೇಳಿದರು. "ನಾ ಒಬ್ಬಾವ ತಗಿಯಾಕ ಬರೂದಿಲ್ಲ ತಂಗೀ. ಎಲ್ಲಾರೂ ಕೂಡಿ ಮಾಡೇವಿ, ಎಲ್ಲಾರೂ ಕೂಡಿಽ ಬಿಡಬೇಕು. ಪಗಾರ ಇಲ್ಲದಾಗ ನಮ್ಮ ಮನಿ ಕೂಸುಗೋಳು ಈ ಎಮ್ಮಿ ಹಾಲಿನ ಮ್ಯಾಲಽ ಅದಾವು. ಇದು ಹೋತಂದ್ರ..." ಗಿರಿಜಾ ನನ್ನ ಕಡೆ ತಿರುಗಿ, "ಅಪ್ಪಾ, ಮೊದಲ ಎಮ್ಮಿ ನೋಡು" ಎಂದು ಅಪ್ಪಣೆ ಕೊಟ್ಟಳು. ನಾನು ಆಗಲೇ ಎದ್ದಿದ್ದೆ, ಆದರೆ ಅದನ್ನು ಯಾರೂ ಗಮನಿಸಲಿಲ್ಲ.

ಆದದ್ದು ಇಷ್ಟು. ಮನೆಯಲ್ಲಿ ಸುಮ್ಮನೆ ಕೂತ ಗಂಡನಿಗೆ ಮಾಸ್ತರರ ಹೆಂಡತಿ ಎಮ್ಮೆ ಮೇಯಿಸುವ ಕೆಲಸ ಹಚ್ಚಿದ್ದಳು. ಇವರು ಬದುವಿನ ಮೇಲೆ ಕೂತು, ಮುಷ್ಕರದ ಸುದ್ದಿ ಬಂದಿದೆಯೇ ಎಂದು ಪತ್ರಿಕೆ ಓದುತ್ತಿದ್ದರು. ಎಮ್ಮೆ ಪಕ್ಕದ ಹೊಲಕ್ಕೆ ನುಗ್ಗಿ, ಮಳೆಯಲ್ಲಿ ನೆನೆದ ಎಳೆ ಹೆಸರುಕಾಳಿನ ಪೈರನ್ನು ಹೊಟ್ಟೆ ಬಿರಿಯ ಮೇದಿತ್ತು. ಸಿದ್ದಪ್ಪ ಬಿದಿರಿನ ಗೊಟ್ಟದಲ್ಲಿ ಎಣ್ಣೆ ಕುಡಿಸಿದ. ಉಬ್ಬರ ಇಳಿಯಲಿಲ್ಲ. ಎಮ್ಮೆಯ ಕಾಲು ನಡುಗತೊಡಗಿದವು. ಇನ್ನು ಉಳಿದದ್ದು ಒಂದೇ ದಾರಿ: ಎಡಮಗ್ಗುಲಿಗೆ ಕೊಳವೆಯ ಸೂಜಿ ಚುಚ್ಚಿ ಗಾಳಿ ಬಿಡಬೇಕು. ತಪ್ಪಿದರೆ ಎಮ್ಮೆಯೂ ಇಲ್ಲ, ಆ ಮನೆಯ ಹಾಲೂ ಇಲ್ಲ. ಆ ಸೂಜಿಯ ಗಾತ್ರ ನೋಡಿದ್ದೇ ಮಾಸ್ತರರ ಮುಖ ಸುಣ್ಣದ ಗೋಡೆಯಾಯಿತು. ಹಗ್ಗ ಹಿಡಿದ ಕೈ ಸಡಿಲಾಯಿತು.

ಗಿರಿಜಾ ಓಡಿಹೋಗಿ ಅವರ ಇನ್ನೊಂದು ಕೈ ಹಿಡಿದಳು. "ಸರ, ಕಣ್ಣು ಮುಚ್ಚಿ ಮಗ್ಗಿ ಹೇಳ್ರಿ, ಅಂಜಿಕಿ ಹೋಗತೈತಿ. ನೀವಽ ಹೇಳಿದ್ರಿ." ಮಾಸ್ತರರು ನಿಜವಾಗಿಯೂ ಕಣ್ಣು ಮುಚ್ಚಿದರು. "ಎರಡೊಂದ್ಲೆ ಎರಡು... ಎರಡೆರಡ್ಲೆ ನಾಕು..." ನಾನು ಕೂದಲು ಕತ್ತರಿಸಿ, ಔಷಧ ಹಚ್ಚಿ, ಬೆರಳಿನಿಂದ ಜಾಗ ನೋಡಿಕೊಂಡೆ. "ಎರಡಾರ್ಲೆ ಹನ್ನೆರಡು... ಎರಡೇಳ್ಲೆ ಹದಿನಾರು..." "ತಪ್ಪು! ಹದಿನಾಕ್ರಿ ಸರ!" ಎಂದು ಗಿರಿಜಾ ಕೂಗಿದ್ದಕ್ಕೂ ನಾನು ಚುಚ್ಚಿದ್ದಕ್ಕೂ ಸರಿಹೋಯಿತು. ಬಸ್ಸಿನ ಗಾಲಿ ಪಂಕ್ಚರಾದಂಥ ಸದ್ದಿನೊಂದಿಗೆ ಗಾಳಿ ಹೊರಟಿತು. ಅದರ ವಾಸನೆಯನ್ನು ವರ್ಣಿಸುವುದು ಬೇಡ. ನೋಡಲು ನೆರೆದಿದ್ದ ಜನ ಒಂದೇ ಉಸಿರಿನಲ್ಲಿ ಹಿಂದೆ ಸರಿದರು. ಡೊಳ್ಳು ನಿಧಾನವಾಗಿ ಇಳಿಯಿತು. ಎಮ್ಮೆ ಒಂದು ದೀರ್ಘ ನಿಟ್ಟುಸಿರು ಬಿಟ್ಟು, ಈ ಗದ್ದಲವೆಲ್ಲ ಯಾರ ಸಲುವಾಗಿ ಎಂಬಂತೆ ನಮ್ಮನ್ನು ನೋಡಿತು. ಮಾಸ್ತರರು ಇಪ್ಪತ್ತಕ್ಕೆ ಬಂದು ಮುಟ್ಟಿ ಕಣ್ಣು ತೆರೆದರು. ಎಂಟರಿಂದ ಮುಂದೆ ನನ್ನ ತುಟಿಯೂ ಅವರೊಂದಿಗೆ ಅಲ್ಲಾಡುತ್ತಿತ್ತು ಎಂದು ಸಿದ್ದಪ್ಪ ಆಮೇಲೆ ಹೇಳಿದ. ಅವನ ಮಾತನ್ನು ನಂಬಬೇಕಾಗಿಲ್ಲ.

ಅಷ್ಟರಲ್ಲಿ ಮಾಸ್ತರರ ಹೆಂಡತಿ ಏದುಸಿರು ಬಿಡುತ್ತ ಬಂದಳು. ಎಮ್ಮೆಯ ಮೈಯೆಲ್ಲ ಸವರಿ ನೋಡಿ, ಬದುಕಿದೆ ಎಂದು ಖಾತ್ರಿಯಾದ ಮೇಲೆ ಗಂಡನ ಕಡೆ ತಿರುಗಿದಳು. "ಒಂದು ಎಮ್ಮಿ ಕಾಯಾಕ ಬರಲಿಲ್ಲ, ನಲವತ್ತು ಹುಡುಗ್ರನ್ನ ಹೆಂಗ ಕಾಯ್ತೀರೋ ಏನೋ!" ಮಾಸ್ತರರು ಮೆಲ್ಲಗೆ, "ಹುಡುಗ್ರು ಮಾತು ಕೇಳ್ತಾರ ಬೇ" ಎಂದರು. ಆಕೆ ನಮ್ಮನ್ನು ಮನೆಗೆ ಕರೆದೊಯ್ದು ಬಿಸಿ ರೊಟ್ಟಿ, ಗಟ್ಟಿ ಮೊಸರು, ಸೇಂಗಾ ಚಟ್ನಿ ಬಡಿಸಿದಳು. ಉಣ್ಣುವಾಗ ಮಾಸ್ತರರು ಸಂಕೋಚದಿಂದಲೇ ಕೇಳಿದರು. "ಡಾಕ್ಟರ, ಮುಷ್ಕರ ಮುಗಿಯೂ ತನಕ ಕೂಸು ನಮ್ಮನ್ಯಾಗಽ ಇರ್ಲಿ. ನನ್ನ ಮಕ್ಕಳ ಕೂಡ ಆಡತೈತಿ. ಸಾಲಿ ಕಲಸೂದಿಲ್ಲ, ಅದು ಬ್ಯಾರೆ. ನೋಡ್ಕೊಳ್ಳಾಕ ಏನು ಅಡ್ಡಿ?" ನನ್ನ ಕೈಯಲ್ಲಿದ್ದ ರೊಟ್ಟಿ ಬಾಯಿಗೆ ಹೋಗುವುದನ್ನು ಮರೆಯಿತು. ಇಷ್ಟು ದಿನ ಹಲ್ಲು ಕಡಿಯುತ್ತ ನೆನೆದ ಮನುಷ್ಯ ಇವನೇ! ನಾನು ತಲೆತಗ್ಗಿಸಿ, ಆಗಲಿ ಎನ್ನುವಷ್ಟರಲ್ಲಿ ಗಿರಿಜಾ ಮೊಸರಿನ ಮೀಸೆ ಒರೆಸಿಕೊಂಡು, "ನನಗ ಬರಾಕ ಆಗೂದಿಲ್ರಿ ಸರ. ತಿಕೋಟಾದಾಗ ಡ್ಯೂಟಿ ಐತಿ" ಎಂದಳು.

ಮುಂದೆ ಕೆಲವೇ ದಿನಗಳಲ್ಲಿ ಮಾತುಕತೆಯಾಗಿ ಮುಷ್ಕರ ಮುಗಿಯಿತು. ಗಿರಿಜಾ ಅಳುತ್ತ ಶಾಲೆಗೆ ಹೋದಳು. ನಾನು ಹಗುರಾಗಿ ತಿಕೋಟಾ ಬಸ್ಸು ಹತ್ತಿದೆ. ಹಗುರಾಗಿದ್ದದ್ದು ಇಟ್ಟಂಗಿಹಾಳದ ತನಕ ಮಾತ್ರ. ಆಮೇಲೆ, ಕಿಟಕಿಯ ಹೊರಗಿನ ಪ್ರತಿಯೊಂದು ಆಡನ್ನೂ ತೋರಿಸಿ ತೋಳು ಜಗ್ಗುವವರು ಯಾರೂ ಇಲ್ಲದೆ, ಪಕ್ಕದ ಖಾಲಿ ಸೀಟಿನ ಮೇಲೆ ಬುತ್ತಿಯ ಗಂಟನ್ನು ಇಟ್ಟೆ, ಎತ್ತಿದೆ, ಮತ್ತೆ ಇಟ್ಟೆ.

ಆಸ್ಪತ್ರೆಯ ಮುಂದೆ ಒಬ್ಬ ಮುದುಕಿ ಕುಂಟುವ ಆಡಿನೊಂದಿಗೆ ಕೂತಿದ್ದಳು. ನನ್ನನ್ನು ಬಿಟ್ಟು ನನ್ನ ಹಿಂದೆ ಮುಂದೆಲ್ಲ ಕಣ್ಣಾಡಿಸಿ, "ಸಣ್ಣ ಡಾಕ್ಟರ್ ಎಲ್ಲಿ?" ಎಂದಳು.

"ಸಾಲಿಗೆ ಹೋಗ್ಯಾಳ. ಆಡು ಇತ್ತ ತಾ ಆಯಿ, ನಾ ನೋಡ್ತೇನಿ."

ಮುದುಕಿ ಆಡನ್ನು ತನ್ನ ಕಡೆಗೆ ಎಳೆದುಕೊಂಡಳು. "ಬ್ಯಾಡ ಬಿಡಪ್ಪಾ. ಆಕಿ ಬರೂ ದಿವಸ ಬರ್ತೇನಿ."

ನನಗೆ ರೇಗಿತು. ಕಾಲೇಜು ಕಲಿತು, ಪದವಿ ಪಡೆದು, ಇಷ್ಟು ವರ್ಷ ಸರ್ಕಾರಿ ಕುರ್ಚಿಯಲ್ಲಿ ಕೂತವನು ನಾನು. "ಆಯೀ, ಆಕಿ ನನ್ನ ಮಗಳು!" ಎಂದೆ, ಸ್ವಲ್ಪ ಜೋರಾಗಿಯೇ.

ಮುದುಕಿ ನನ್ನನ್ನು ಮೇಲಿಂದ ಕೆಳಗಿನ ತನಕ ಒಮ್ಮೆ ನೋಡಿದಳು. ಆಮೇಲೆ ಮನಸ್ಸು ಮಾಡಿದವಳಂತೆ ಎದ್ದು, "ಹೌದೇನು? ಹಂಗಾರ ನಿಮಗೂ ಒಂದೀಟು ಬರತಿರಬೇಕು ತಗೋರಿ" ಎಂದು ಆಡಿನ ಹಗ್ಗವನ್ನು ನನ್ನ ಕೈಗೆ ಕೊಟ್ಟಳು.