ಅಕ್ಕ-ತಂಗಿಯರ ಹಾಡಿಗೆ ಕಂಪ್ರೆಸರ್ ಹಾಕಿದ ಬಗ್ಗೆ

ಮಿಶ್ರಣ ವಿಭಾಗದ ಕಛೇರಿ
ಎರಡನೇ ಮಹಡಿ (ಲಿಫ್ಟ್ ದುರಸ್ತಿಯಲ್ಲಿದೆ)

ಸುತ್ತೋಲೆ ಸಂಖ್ಯೆ: ಮಿವಿ/ಕಂಪ್ರೆ/ಹಿಂಡು-ಸಡಿಲ/3

ವಿಷಯ: ಹಾಡಿನ ಮಿಶ್ರಣದ ವೇಳೆ ಕಂಪ್ಯೂಟರಿನಲ್ಲಿರುವ ಕಂಪ್ರೆಸರ್ ಎಂಬ ತಂತ್ರಾಂಶವನ್ನು ಹದವರಿತು ಬಳಸುವ ಕುರಿತು, ಹಾಗೂ ಎಂಬತ್ತೆಂಟು ವರ್ಷದ ಹಿರಿಯರೊಬ್ಬರು ಈ ವಿಭಾಗದ ಕೆಲಸವನ್ನು ಮಿಕ್ಸಿ ಎಂದು ತಿಳಿದ ಕುರಿತು.

ಉಲ್ಲೇಖ:
1. ಇದೇ ವಿಭಾಗದ ಸುತ್ತೋಲೆ 1 (ಎಲ್ಲವೂ ಜೋರಾಗಿರತಕ್ಕದ್ದು).
2. ಇದೇ ವಿಭಾಗದ ಸುತ್ತೋಲೆ 2 (ಕಂಪ್ರೆಸರ್ ಮುಟ್ಟತಕ್ಕದ್ದಲ್ಲ).
3. ದೊಡ್ಡ ಮಗಳ ಪತ್ರ, ಒಂದೂವರೆ ಸಾಲು.
4. ಸಣ್ಣ ಮಗಳ ಮೌಖಿಕ ದೂರು. ನೆಲಮಹಡಿಯಲ್ಲಿ ಸಲ್ಲಿಸಿದ್ದು, ಎರಡನೇ ಮಹಡಿಯಲ್ಲಿ ಸ್ವೀಕೃತವಾದದ್ದು.

ಮೇಲ್ಕಂಡ ವಿಷಯದಲ್ಲಿ ಯಾರ ಮೇಲೂ ತಪ್ಪು ಹೊರಿಸುವ ಉದ್ದೇಶವಿಲ್ಲ. ಆದರೆ ತಪ್ಪು ಯಾರದೆಂದು ಜವಾನರಿಂದ ಹಿಡಿದು ಎಲ್ಲರಿಗೂ ಗೊತ್ತಿರುವುದರಿಂದ, ನಡೆದದ್ದನ್ನು ನಡೆದ ಹಾಗೆ ದಾಖಲಿಸಿ, ಮುಂದೆ ಪಾಲಿಸಬೇಕಾದ ನಿಯಮಗಳನ್ನು ಸಿಬ್ಬಂದಿಯ ಗಮನಕ್ಕೆ ತರಲಾಗಿದೆ.

1. ಕಂಪ್ರೆಸರ್ ಎಂದರೆ ಫ್ರಿಜ್ಜಿನ ಬೆನ್ನಿಗಿರುವುದಲ್ಲ ಎಂದು ಮೊದಲಿಗೇ ಸ್ಪಷ್ಟಪಡಿಸಲಾಗಿದೆ. ಜೋರು ಧ್ವನಿಯನ್ನು ಅದುಮಿ, ಜೋರಿಗೂ ಮೆಲುವಿಗೂ ಇರುವ ಅಂತರವನ್ನು ತಗ್ಗಿಸುವ ತಂತ್ರಾಂಶವನ್ನು ಈ ಹೆಸರಿನಿಂದ ಕರೆಯಲಾಗುತ್ತದೆ. ಸುತ್ತೋಲೆ 2ರ ಪರಿಣಾಮವಾಗಿ ಉಗ್ರಾಣ ಶಾಖೆಯವರು ಕಳುಹಿಸಿದ್ದ ಫ್ರಿಜ್ ಮೆಕ್ಯಾನಿಕ್ ಅವರನ್ನು ಸಗೌರವವಾಗಿ ಹಿಂದಿರುಗಿಸಲಾಗಿದೆ.

2. ಹಿನ್ನೆಲೆ: ಇಬ್ಬರು ಸಹೋದರಿಯರು ಹಾಡೊಂದನ್ನು ಮುದ್ರಿಸಿಕೊಳ್ಳಲು ಅರ್ಜಿ ಸಲ್ಲಿಸಿದ್ದರು. ಅಕ್ಕ ಮೂವತ್ತೆರಡು ವರ್ಷ ಗ್ರಂಥಾಲಯದಲ್ಲಿದ್ದು ನಿವೃತ್ತರಾದವರು; ಮಾತಾಡಿದರೆ ಎದುರಿನವರು ತಮ್ಮ ಉಸಿರನ್ನು ಹಿಡಿದುಕೊಳ್ಳಬೇಕಾಗುತ್ತದೆ. ತಂಗಿ ಬಸ್ ನಿಲ್ದಾಣದಲ್ಲಿ ಬಸ್ಸುಗಳನ್ನು ಕೂಗಿ ಹೇಳುವವರು. ಮೈಕ್ ಕೆಟ್ಟ ದಿನವೂ ಪ್ರಯಾಣಿಕರಿಗೆ ತೊಂದರೆಯಾದ ದಾಖಲೆಯಿಲ್ಲ. ಹಾಡು ಅವರ ತಾಯಿಯದೇ. ತಾಯಿ ಹೊಲಿಗೆಯವರಾಗಿದ್ದು, ಸೂಜಿಗೆ ದಾರ ಪೋಣಿಸುವಾಗ ತಾವೇ ಕಟ್ಟಿಕೊಂಡು ಗುನುಗುತ್ತಿದ್ದ ಎಂಟು ಸಾಲುಗಳವು. ಸಾಲಿಗೊಬ್ಬರಂತೆ ಹಾಡಿ ತಾಯಿಗೆ ಕೇಳಿಸಬೇಕೆಂಬುದು ಮಕ್ಕಳ ಕೋರಿಕೆಯಾಗಿತ್ತು.

3. ತಾಯಿಯವರ ಎರಡೂ ಕಿವಿಗೆ ಯಂತ್ರವಿದೆ. ಮೆಲ್ಲಗೆ ಹೇಳಿದರೆ ಕೇಳದು, ಜೋರಾಗಿ ಹೇಳಿದರೆ ತಡೆಯದು. ಈ ಸಂಗತಿಯನ್ನು ಅರ್ಜಿಯ ಹಿಂಬದಿಯಲ್ಲಿ ಬರೆಯಲಾಗಿತ್ತು. ಅರ್ಜಿಯ ಹಿಂಬದಿಯನ್ನು ಓದುವ ಪದ್ಧತಿ ಈ ಕಛೇರಿಯಲ್ಲಿ ಅಲ್ಲಿಯವರೆಗೆ ಇರಲಿಲ್ಲ. ಇನ್ನು ಮುಂದೆ ಪ್ರತಿ ಅರ್ಜಿಯನ್ನೂ ಒಮ್ಮೆಯಾದರೂ ಮಗುಚಿ ಹಾಕತಕ್ಕದ್ದು.

4. ಮಿಶ್ರಣದ ಕೆಲಸವನ್ನು ಕಿವಿಯಣ್ಣ ಅವರಿಗೆ ವಹಿಸಲಾಯಿತು. ಇಪ್ಪತ್ತಾರು ವರ್ಷಗಳಿಂದ ಇದೇ ಕುರ್ಚಿಯಲ್ಲಿರುವ ಇವರ ಸೇವಾ ಪುಸ್ತಕದ ಹೆಸರು ಸೇವಾ ಪುಸ್ತಕಕ್ಕೆ ಮಾತ್ರ ಗೊತ್ತು. ಅಕ್ಕನನ್ನು ಒಂದು ಕೊಠಡಿಯಲ್ಲೂ ತಂಗಿಯನ್ನು ಗಾಜಿನಾಚೆಯ ಇನ್ನೊಂದರಲ್ಲೂ ನಿಲ್ಲಿಸಿ, ಇಬ್ಬರ ಧ್ವನಿಯನ್ನೂ ಬೇರೆಬೇರೆಯಾಗಿ ಮುದ್ರಿಸಲಾಯಿತು. ಇಲ್ಲಿಯವರೆಗೆ ಎಲ್ಲವೂ ಸರಿಯಾಗಿತ್ತು.

5. ಆಗ ಕೊಠಡಿಗೆ ಮೇಲಧಿಕಾರಿಯೊಬ್ಬರ ಪ್ರವೇಶವಾಯಿತು. ಹಾಡು ಸಪ್ಪೆಯಾಗಿದೆ, ಸುತ್ತೋಲೆ 1ರಂತೆ ಜೋರಾಗಲಿ ಎಂದು ಸೂಚಿಸಲಾಯಿತು. ಕಿವಿಯಣ್ಣ ಕಂಪ್ರೆಸರನ್ನು ಸ್ವಲ್ಪ ತಿರುಗಿಸಿದರು. ಇನ್ನೂ ಎಂದು ಸೂಚಿಸಲಾಯಿತು. ಇಪ್ಪತ್ತು ಪಾಲು ಮೇಲೆದ್ದ ಧ್ವನಿ ಒಂದೇ ಪಾಲಿಗೆ ಇಳಿಯುವ ತನಕ ಹಿಂಡಿಸಿ, ಹಿಂಡಿದ್ದನ್ನೆಲ್ಲ ಮತ್ತೆ ಮೇಲಕ್ಕೆತ್ತಿಸಲಾಯಿತು. ಹಾಗೆ ಸೂಚಿಸಿದವರು ಯಾರೆಂದು ತಿಳಿಯಬಯಸುವವರು ಈ ಸುತ್ತೋಲೆಯ ಅಡಿಯಲ್ಲಿರುವ ಸಹಿಯನ್ನು ನೋಡಬಹುದು.

6. ಪರಿಣಾಮ: ಮೆಲು ಸದ್ದುಗಳೆಲ್ಲ ಹಾಡಿನ ಮಟ್ಟಕ್ಕೆ ಎದ್ದು ಬಂದವು. ಸಾಲು ಮುಗಿದೊಡನೆ ಫ್ಯಾನು ಗುರ್ ಎಂದಿತು, ಕುರ್ಚಿ ನರಳಿತು. ಓಣಿಯಲ್ಲಿದ್ದ ಕಾವಲುಗಾರರ ಕೆಮ್ಮು ಮೂರನೇ ಗಾಯಕರಂತೆ ಸೇರಿಕೊಂಡಿತು. ಮನೆಗೆ ಕಳುಹಿಸಿದ ಈ ಮಿಶ್ರಣವನ್ನು ತಾಯಿಯವರು ಹನ್ನೊಂದು ಸೆಕೆಂಡು ಕೇಳಿ, ಕಿವಿಯ ಯಂತ್ರ ಕಳಚಿ ಕನ್ನಡಕದ ಡಬ್ಬಿಗೆ ಹಾಕಿ, ಸಣ್ಣ ಮಗಳಿಗೆ, "ಆ ಮಿಕ್ಸಿ ಆಫ್ ಮಾಡಮ್ಮ, ಆಮೇಲೆ ಹಾಡು ಹಾಕು" ಎಂದರು.

7. ಈ ಅವಮಾನದಿಂದ ನೊಂದು ಸುತ್ತೋಲೆ 2ನ್ನು ಹೊರಡಿಸಲಾಯಿತು. ಅದರನ್ವಯ ಕಂಪ್ರೆಸರನ್ನು ಪೂರ್ತಿಯಾಗಿ ನಿಷೇಧಿಸಿ, ಹಸಿ ಮುದ್ರಣವನ್ನೇ ತಾಯಿಯವರಿಗೆ ಕಳುಹಿಸಲಾಯಿತು. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗಾಯಿತೆಂದು ಕಿವಿಯಣ್ಣ ಕಡತದ ಅಂಚಿನಲ್ಲಿ ಷರಾ ಬರೆದರು. ಸದರಿ ಷರಾವನ್ನು ಅಳಿಸಲು ಆದೇಶಿಸಲಾಗಿತ್ತು. ಈಗ ಅದನ್ನು ಮತ್ತೆ ಬರೆಯಲು ಆದೇಶಿಸಲಾಗಿದೆ.

8. ಎರಡನೇ ಬಾರಿ ಕೇಳುವಾಗ ಸಣ್ಣ ಮಗಳ ಸಾಲು ಬಂದಾಗಲೆಲ್ಲ ತಾಯಿಯವರು ಕಿವಿಗೆ ಕೈ ಅಡ್ಡ ಹಿಡಿದರು. ದೊಡ್ಡ ಮಗಳ ಸಾಲಿನಲ್ಲಿ ಕೈ ತೆಗೆದು ಕಾದರು, ಏನೂ ಕೇಳಿಸಲಿಲ್ಲ. ಕೊನೆಗೆ, "ದೊಡ್ಡವಳು ಹಾಡೋಕೆ ಬರಲಿಲ್ವಾ? ಅವಳಿಗೆ ಹೇಳಲೇ ಇಲ್ವಾ ನೀನು?" ಎಂದು ಸಣ್ಣ ಮಗಳನ್ನು ಕೇಳಿದರು. ದೊಡ್ಡ ಮಗಳು ಅದೇ ಮಂಚದ ತುದಿಯಲ್ಲಿ ಕುಳಿತಿದ್ದರು. ಅವರು ಎದ್ದು, ಚೀಲ ತೆಗೆದುಕೊಂಡು, ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಮನೆಗೆ ಹೋದರು. ಮರುದಿನ ಬಂದ ಅವರ ಪತ್ರದಲ್ಲಿ ಇದ್ದದ್ದು ಇಷ್ಟೇ: ನನ್ನ ಭಾಗವನ್ನು ಅಳಿಸಿಬಿಡಿ. ಅಮ್ಮನಿಗೆ ಅದರಿಂದ ಹೆಚ್ಚು ವ್ಯತ್ಯಾಸವಾಗುವುದಿಲ್ಲ.

9. ಅದೇ ದಿನ ಸಣ್ಣ ಮಗಳು ಕಛೇರಿಗೆ ಬಂದು ಮೆಟ್ಟಿಲಿನ ಬುಡದಿಂದಲೇ ದೂರು ಆರಂಭಿಸಿದರು. ಮೂರು ಶಾಖೆಗಳಲ್ಲಿ ಕೆಲಸ ನಿಂತಿತು. ಅಕ್ಕನ ಬಾಯಿ ಕಟ್ಟಿದವಳು ಎಂದು ಚಿಕ್ಕಂದಿನಿಂದ ಅನ್ನಿಸಿಕೊಂಡಿದ್ದೇನೆ, ಆ ಮಾತು ತೊಡೆದುಹೋಗಲೆಂದೇ ಇಬ್ಬರೂ ಹಾಡೋಣ ಎಂದದ್ದು ನಾನು, ನೀವು ಅದನ್ನೇ ಸಿ.ಡಿ. ಎಂಬ ಪ್ಲಾಸ್ಟಿಕ್ ತಟ್ಟೆಯ ಮೇಲೆ ಅಚ್ಚು ಹಾಕಿ ಕೊಟ್ಟಿರಿ ಎಂಬುದು ದೂರಿನ ಸಾರಾಂಶ. ಎರಡನೇ ಮಹಡಿ ತಲುಪುವ ಹೊತ್ತಿಗೆ ಅವರ ದನಿ ಇಳಿದಿತ್ತು. ಕಿವಿಯಣ್ಣನ ಮೇಜಿನ ಮುಂದೆ ನಿಂತು, "ಅಕ್ಕನ್ನ ಅಮ್ಮನಿಗೆ ಕೇಳಿಸಿ. ನನ್ನದು ಬೇಕಾದ್ರೆ ತೆಗೆದುಹಾಕಿ" ಎಂದು ಹೇಳಿದ್ದನ್ನು ಪಕ್ಕದ ಮೇಜಿನವರು ಕಿವಿಗೊಟ್ಟು ಕೇಳಬೇಕಾಯಿತು ಎಂದು ವರದಿಯಾಗಿದೆ.

10. ಈ ಹಿನ್ನೆಲೆಯಲ್ಲಿ ಕಿವಿಯಣ್ಣ ಅನುಸರಿಸಿದ ಕ್ರಮವನ್ನೇ ನಿಯಮಗಳನ್ನಾಗಿ ಪರಿಗಣಿಸಿ, ತತ್‌ಕ್ಷಣದಿಂದ ಜಾರಿಗೆ ತರಲಾಗಿದೆ:

(ಅ) ಕಂಪ್ರೆಸರ್ ತೆರೆಯುವ ಮುನ್ನ, ಅದು ಏಕೆ ಬೇಕೆಂದು ಒಂದು ವಾಕ್ಯದಲ್ಲಿ ಬರೆದಿಡತಕ್ಕದ್ದು. "ಎಲ್ಲರೂ ಹಾಕುತ್ತಾರೆ" ಎಂಬುದು ಕಾರಣವಲ್ಲ. "ಸಾಹೇಬರು ಹೇಳಿದರು" ಎಂಬುದು ಕಾರಣವಲ್ಲವೆಂದು ಸಾಹೇಬರೇ ಹೇಳಿರುವುದರಿಂದ, ಇದನ್ನು ಪಾಲಿಸಬೇಕೋ ಬೇಡವೋ ಎಂಬ ಬಗ್ಗೆ ಸ್ಪಷ್ಟನೆ ಕೋರಲಾಗಿದೆ.

(ಆ) ಕೇಳುವವರು ಯಾರೆಂದು ಮೊದಲು ತಿಳಿಯತಕ್ಕದ್ದು. ಕಿವಿಯಣ್ಣ ಸ್ಪೀಕರ್ ಪರೀಕ್ಷಿಸುವ ನೆಪದಲ್ಲಿ ತಾಯಿಯವರ ಮನೆಗೆ ಹೋಗಿ, ಹಾಡನ್ನು ಏರಿಸುತ್ತ ಇಳಿಸುತ್ತ ಅವರ ಮುಖವನ್ನೇ ನೋಡುತ್ತ ಕುಳಿತರು. ಹುಬ್ಬು ಗಂಟಿಕ್ಕಿದಲ್ಲಿ ಮೇಲಿನ ಗೆರೆ, ಕತ್ತು ಮುಂದೆ ಬಂದಲ್ಲಿ ಕೆಳಗಿನ ಗೆರೆ. ಹಾಡು ಈ ಎರಡರ ನಡುವೆ ಹಿಡಿಯಬೇಕಿತ್ತು. ಹುಬ್ಬನ್ನು ಅಳತೆಯ ಉಪಕರಣವೆಂದು ಈ ಮೂಲಕ ಮಾನ್ಯ ಮಾಡಲಾಗಿದೆ. ವರ್ಷಕ್ಕೊಮ್ಮೆ ಅದರ ತಪಾಸಣೆ ನಡೆಯತಕ್ಕದ್ದು.

(ಇ) ಕೈಯಲ್ಲಿ ಆಗುವುದನ್ನು ಯಂತ್ರಕ್ಕೆ ಬಿಡತಕ್ಕದ್ದಲ್ಲ. ಅಕ್ಕನ ತೀರ ಮೆಲುವಾದ ಪದಗಳನ್ನು ಕಿವಿಯಣ್ಣ ಒಂದೊಂದಾಗಿ ಕೈಯಾರೆ ಎತ್ತಿದರು, ತಂಗಿಯ ಕೂಗುಗಳನ್ನು ಒಂದೊಂದಾಗಿ ಇಳಿಸಿದರು. ಬೆಳಗಿನಿಂದ ಊಟದ ಹೊತ್ತಿನವರೆಗೆ ಬೇರೇನೂ ಮಾಡಲಿಲ್ಲ. ಸದರಿ ಅವಧಿಯನ್ನು ಸೋಮಾರಿತನವೆಂದು ನಮೂದಿಸಿದ್ದನ್ನು ಹಿಂಪಡೆಯಲಾಗಿದೆ.

(ಈ) ಯಾವ ಮಟ್ಟ ದಾಟಿದರೆ ಅದುಮಬೇಕೋ ಅದಕ್ಕೆ ಥ್ರೆಶೋಲ್ಡ್ ಎನ್ನಲಾಗುತ್ತದೆ. ಅದನ್ನು ನೆಲದಲ್ಲಿ ಹೂತಿಡಬಾರದು. ಹಾಡಿನ ಏರಿಗಷ್ಟೇ ತಾಗಬೇಕು. ಅದುಮುವ ಪ್ರಮಾಣ ಎರಡಕ್ಕೊಂದು, ಹೆಚ್ಚೆಂದರೆ ಮೂರಕ್ಕೊಂದು. ಅದಕ್ಕಿಂತ ಹೆಚ್ಚು ಬೇಕಾದವರು ಕಬ್ಬಿನ ಗಾಣಕ್ಕೆ ವರ್ಗಾವಣೆ ಕೋರಿ ಅರ್ಜಿ ಸಲ್ಲಿಸಬಹುದು.

(ಉ) ಅದುಮಲು ಅವಸರ ಮಾಡತಕ್ಕದ್ದಲ್ಲ. ಮೊದಲ ಮಿಶ್ರಣದಲ್ಲಿ ಕಂಪ್ರೆಸರ್ ಎಷ್ಟು ಬೇಗ ಎರಗಿತ್ತೆಂದರೆ ಪದಗಳ ತಲೆಯೇ ಹಾರಿಹೋಗಿ, ಇಡೀ ಹಾಡಿನಲ್ಲಿ ದಾರವು ಆರವಾಗಿತ್ತು. ಪದ ಒಳಗೆ ಬಂದು ಚಪ್ಪಲಿ ಬಿಡುವಷ್ಟು ಹೊತ್ತು ಕೊಡತಕ್ಕದ್ದು. ಬಿಡುವಾಗಲೂ ಹಾಗೆಯೇ: ತಟ್ಟನೆ ಬಿಟ್ಟರೆ ನಡುವೆ ಫ್ಯಾನು ಏಳುತ್ತದೆ, ತಡಮಾಡಿದರೆ ಮುಂದಿನ ಮೆಲು ಪದ ಅಡಿಗೆ ಸಿಕ್ಕಿ ಸಾಯುತ್ತದೆ.

(ಊ) ಇಬ್ಬರನ್ನು ಒಂದೇ ಅಳತೆಯಲ್ಲಿ ಅದುಮತಕ್ಕದ್ದಲ್ಲ. ತಂಗಿಗೆ ಒಮ್ಮೆ ಮೆಲ್ಲಗೆ, ಮತ್ತೊಮ್ಮೆ ಇನ್ನೂ ಮೆಲ್ಲಗೆ. ಅಕ್ಕನಿಗೆ ಒಂದೇ ಬಾರಿ, ಅದೂ ಗೊತ್ತಾಗದಷ್ಟು.

(ಋ) ತಂತ್ರಾಂಶದಲ್ಲಿ ಮೊದಲೇ ಸಿದ್ಧಪಡಿಸಿಟ್ಟಿರುವ "ಚಿನ್ನದ ಕಂಠ", "ಸಿಡಿಲಬ್ಬರ" ಮುಂತಾದ ಅಳತೆಗಳನ್ನು ತಯಾರಿಸಿದವರು ಈ ಅಕ್ಕನನ್ನಾಗಲಿ ತಂಗಿಯನ್ನಾಗಲಿ ಕಂಡವರಲ್ಲ. ಪರಸ್ಪರ ಪರಿಚಯವಾಗುವವರೆಗೆ ಅವುಗಳ ಬಳಕೆಯನ್ನು ತಡೆಹಿಡಿಯಲಾಗಿದೆ.

(ೠ) ಪರದೆಯಲ್ಲಿ ಧ್ವನಿಮಾಪಕದ ಮುಳ್ಳು ಕುಣಿಯುವುದನ್ನು ನೋಡಿ ಹಾಡು ಚೆನ್ನಾಗಿದೆ ಎನ್ನತಕ್ಕದ್ದಲ್ಲ. ಕೇಳುವಾಗ ಪರದೆಯ ಮೇಲೆ ಟವೆಲ್ ಹೊದಿಸಿ ಕಣ್ಣು ಮುಚ್ಚತಕ್ಕದ್ದು. ನಿದ್ದೆಗೂ ಆಲಿಸುವಿಕೆಗೂ ವ್ಯತ್ಯಾಸ ತಿಳಿಯುವಂತೆ ಎಡಗೈಯ ಒಂದು ಬೆರಳನ್ನು ಎತ್ತಿ ಹಿಡಿದಿರತಕ್ಕದ್ದು. ಬೆರಳು ಇಳಿದರೆ ಅರ್ಧ ದಿನದ ರಜೆ ಎಂದು ಪರಿಗಣಿಸಲಾಗುವುದು.

(ಎ) ಕಂಪ್ರೆಸರ್ ಇದ್ದಾಗಿನ ಮತ್ತು ಇಲ್ಲದಾಗಿನ ಹಾಡನ್ನು ಒಂದೇ ಜೋರಿನಲ್ಲಿಟ್ಟು ಹೋಲಿಸತಕ್ಕದ್ದು. ಜೋರಾದದ್ದೆಲ್ಲ ಒಳ್ಳೆಯದೆನಿಸುವುದು ಕಿವಿಯ ಹುಟ್ಟುಗುಣ. ಇದನ್ನು ಮೇಲಧಿಕಾರಿಗೆ ಮನದಟ್ಟು ಮಾಡಲು ಕಿವಿಯಣ್ಣ ಕಂಪ್ರೆಸರನ್ನು ಆಫ್ ಮಾಡಿ, ಬರೀ ವಾಲ್ಯೂಮ್ ಏರಿಸಿ ಕೇಳಿಸಿದರು. ಅದಕ್ಕೆ ಜೀವ ಬಂತು, ತೂಕ ಬಂತು, ಬೆಚ್ಚಗಾಯಿತು ಎಂದು ಒಂಬತ್ತು ನಿಮಿಷ ಪ್ರಶಂಸೆ ವ್ಯಕ್ತಪಡಿಸಲಾಯಿತು. ಆ ಒಂಬತ್ತು ನಿಮಿಷವನ್ನು ಕಡತದಿಂದ ತೆಗೆಯುವಂತೆ ಮಾಡಿದ ಮನವಿ ಪರಿಶೀಲನೆಯಲ್ಲಿದೆ.

11. ಮೂರನೇ ಮಿಶ್ರಣವನ್ನು ಕಿವಿಯಣ್ಣ ತಾವೇ ಒಯ್ದರು. ದೊಡ್ಡ ಮಗಳು ಬರಲು ಒಪ್ಪಿರಲಿಲ್ಲ. ಸಣ್ಣ ಮಗಳು ಅವರ ಮನೆಗೆ ಹೋಗಿ ಒಂದು ಮಾತೂ ಆಡದೆ ಜಗಲಿಯಲ್ಲಿ ಕುಳಿತುಬಿಟ್ಟರಂತೆ. ತಂಗಿ ಅಷ್ಟು ಹೊತ್ತು ಸುಮ್ಮನಿದ್ದದ್ದನ್ನು ಎಂದೂ ಕಂಡಿರದ ಅಕ್ಕ ಗಾಬರಿಯಾಗಿ ಹೊರಟುಬಂದರು. ತಾಯಿಯವರ ಕೋಣೆಯಲ್ಲಿ ಅಕ್ಕ, ತಂಗಿ, ಕಿವಿಯಣ್ಣ ಮೂವರೂ ಮಂಚದ ಸುತ್ತ ಕುಳಿತರು. ಪರಿಶೀಲನೆಗೆಂದು ಹೋಗಿದ್ದ ಕೆಳಗೆ ಸಹಿ ಮಾಡಿದವರು ಬಾಗಿಲ ಬಳಿ ನಿಂತಿದ್ದರು.

12. ಮೊದಲ ಸಾಲು ಅಕ್ಕನದು. ತಾಯಿಯವರ ಹುಬ್ಬು ಗಂಟಿಕ್ಕಲಿಲ್ಲ, ಕತ್ತೂ ಮುಂದೆ ಬರಲಿಲ್ಲ. ಎರಡನೇ ಸಾಲಿಗೆ ಕೈ ಕಿವಿಗೆ ಹೋಗಲಿಲ್ಲ. ಮಡಿಲಲ್ಲೇ ಇದ್ದು, ಹೆಬ್ಬೆರಳೂ ತೋರುಬೆರಳೂ ಸೇರಿ ಇಲ್ಲದ ದಾರವೊಂದನ್ನು ಹೊಸೆಯತೊಡಗಿದವು. ಎಂಟು ಸಾಲೂ ಮುಗಿದವು. ಇನ್ನೊಮ್ಮೆ ಹಾಕಿಸಿಕೊಂಡರು. ಆಮೇಲೆ ಹೇಳಿದರು: "ದೊಡ್ಡವಳು ಧೈರ್ಯ ಮಾಡಿ ಹಾಡಿದ್ದಾಳೆ. ಸಣ್ಣವಳೂ ಅಂತೂ ತಗ್ಗಿ ಹಾಡೋದು ಕಲಿತಳು. ಅಕ್ಕನಿಗೆ ಜಾಗ ಬಿಟ್ಟಿದ್ದಾಳೆ ನೋಡು."

13. ಇದು ತಂತ್ರಾಂಶದ ಕೆಲಸವೆಂದು ವಿವರಿಸಲು ಕೆಳಗೆ ಸಹಿ ಮಾಡಿದವರು ಮಂಚದ ಬಳಿ ಬಂದು ಬಾಯಿ ತೆರೆದಾಗ, ಅವರ ಕಾಲನ್ನು ಯಾರೋ ತುಳಿದರು. ತುಳಿದವರು ಗ್ರಂಥಾಲಯದಿಂದ ನಿವೃತ್ತರಾದವರೆಂದು ವಿಚಾರಣೆಯಿಂದ ತಿಳಿದುಬಂದಿದೆ. ಸಣ್ಣ ಮಗಳು ತಲೆ ತಗ್ಗಿಸಿ ಸೆರಗಿನಿಂದ ಮೂಗೊರೆಸಿಕೊಳ್ಳುತ್ತಿದ್ದರು. ಕಿವಿಯಣ್ಣ ವೈರು ಸುತ್ತುತ್ತಿದ್ದರು. ಶಿಸ್ತುಕ್ರಮದ ಅಗತ್ಯವಿಲ್ಲವೆಂದು ನಿರ್ಣಯಿಸಲಾಗಿದೆ.

14. ಆದ್ದರಿಂದ, ಕಂಪ್ರೆಸರ್ ಸರಿಯಾಗಿ ಕೆಲಸ ಮಾಡಿದಲ್ಲಿ ಅದರ ಹೆಸರನ್ನು ಯಾರೂ ಎತ್ತತಕ್ಕದ್ದಲ್ಲ. ಬಂದ ಹೊಗಳಿಕೆಯನ್ನು ಹಾಡಿದವರ ಖಾತೆಗೇ ಜಮೆ ಮಾಡತಕ್ಕದ್ದು. ಸುತ್ತೋಲೆ 1 ಮತ್ತು 2ನ್ನು ರದ್ದುಪಡಿಸಲಾಗಿದೆ. ಅವುಗಳ ಹಿಂಬದಿ ಖಾಲಿಯಿರುವುದರಿಂದ ಈ ಸುತ್ತೋಲೆಯನ್ನು ಅಲ್ಲಿಯೇ ಮುದ್ರಿಸಲಾಗಿದೆ.

ಓದಿದವರು ಓದಿದ್ದೇವೆಂದೂ, ಓದದವರು ಓದಿದ್ದೇವೆಂದೂ ಸಹಿ ಹಾಕತಕ್ಕದ್ದು.

(ಸಹಿ)
ಅಧೀಕ್ಷಕರು, ಮಿಶ್ರಣ ವಿಭಾಗ
(ಬಲಗಾಲಿಗೆ ಪಟ್ಟಿ ಇರುವುದರಿಂದ ಒಂದು ವಾರ ನೆಲಮಹಡಿಯಲ್ಲಿ ಲಭ್ಯ)

ಪ್ರತಿಗಳು:
1. ಕಿವಿಯಣ್ಣ ಅವರಿಗೆ: ಮಾಹಿತಿಗಾಗಿ. ಮಾಹಿತಿ ಅವರದೇ ಆದ್ದರಿಂದ ಓದುವುದು ಕಡ್ಡಾಯವಲ್ಲ.
2. ಉಗ್ರಾಣ ಶಾಖೆಗೆ: ಟವೆಲ್ ಒಂದರ ಪೂರೈಕೆಗಾಗಿ. ಮೆಕ್ಯಾನಿಕ್ ಬೇಡ.
3. ಕಾವಲುಗಾರರಿಗೆ: ಕೆಮ್ಮಿನ ಔಷಧಿಯ ಚೀಟಿಯೊಂದಿಗೆ.
4. ದೊಡ್ಡ ಮಗಳಿಗೆ: ತಮ್ಮ ಪತ್ರದಂತೆ ಕ್ರಮ ಕೈಗೊಳ್ಳಲು ಸಾಧ್ಯವಿಲ್ಲವೆಂಬ ಉತ್ತರದೊಂದಿಗೆ.
5. ಸಣ್ಣ ಮಗಳಿಗೆ: ಗಟ್ಟಿಯಾಗಿ ಓದಬಾರದೆಂಬ ಷರತ್ತಿನ ಮೇಲೆ.
6. ತಾಯಿಯವರಿಗೆ: ಕಳುಹಿಸಿಲ್ಲ. ಅವರ ಕಿವಿ ಮಂದ, ಕಣ್ಣು ಚುರುಕು.